ನೀರು ನಿಂತಾಗ ಸೊನ್ನೆ, ಬಸಿದ ಮೇಲೆ ದಿಢೀರ್ ಏರಿಕೆ: ಮೀಟರ್ ಕೆಟ್ಟಿದೆಯಾ?

ಪ್ರಶ್ನೆ
ಮೂರು ಡ್ರಮ್ ಇಟ್ಟಿದ್ದೇನೆ. ಒಂದರಲ್ಲಿ ಬರೀ ರೈಗ್ರಾಸ್ ಅನ್ನುವ ಮೇವಿನ ಹುಲ್ಲು, ಇನ್ನೊಂದರಲ್ಲಿ ಬರೀ ಬಿಳಿ ಕ್ಲೋವರ್ (ದ್ವಿದಳ ಮೇವು), ಮೂರನೆಯದರಲ್ಲಿ ಇವೆರಡರ ಜೊತೆ ಪ್ಲಾಂಟೇನ್ (ಬಾಳೆಯಲ್ಲ, ಒಂದು ಮೇವಿನ ಗಿಡ). ಗೊಬ್ಬರ ಯಾವುದಕ್ಕೂ ಹಾಕಿಲ್ಲ. 10 ದಿನ ಮಣ್ಣಿನ ಮೇಲೆ ಎರಡು ಬೆರಳು ನೀರು ನಿಲ್ಲಿಸಿದೆ. ಅನಿಲ ಅಳೆಯುವ ಮೀಟರ್‌ನಲ್ಲಿ ಮೊದಲೆರಡು ದಿನ ಸ್ವಲ್ಪ ನೈಟ್ರಸ್ ಆಕ್ಸೈಡ್ (ಮಣ್ಣಿನಿಂದ ಬರುವ, ಭೂಮಿಯ ಬಿಸಿ ಏರಿಸುವ ಅನಿಲ) ಕಾಣಿಸಿತು, ಆಮೇಲೆ ಪೂರ್ತಿ ಸೊನ್ನೆ. ನೀರು ಬಸಿದ ಮೂರನೇ ದಿನ ಕ್ಲೋವರ್ ಡ್ರಮ್‌ನಲ್ಲಿ ಎಗರಿಬಿಟ್ಟಿತು! ಮಿಶ್ರಣದಲ್ಲಿ ಅಷ್ಟಿಲ್ಲ. ಮೀಟರ್ ಮೇಲೇ ಅನುಮಾನ.

ಉತ್ತರ 1
ಮೀಟರನ್ನು ಸುಮ್ನೆ ಬೈಯಬೇಡಿ. ನೀರು ತುಂಬಿದಾಗ ಮಣ್ಣಿನ ಆಮ್ಲಜನಕ ಬೇಗ ಮುಗಿಯುತ್ತದೆ. ಆಗ ಸೂಕ್ಷ್ಮಜೀವಿಗಳು ನೈಟ್ರೇಟ್‌ನಿಂದ ಆಮ್ಲಜನಕ ಕಿತ್ತುಕೊಳ್ಳುತ್ತವೆ. ಶುರುವಿನಲ್ಲಿ ನೈಟ್ರಸ್ ಆಕ್ಸೈಡ್ ಹೊರಬರುತ್ತದೆ. ಪೂರ್ತಿ ಉಸಿರುಗಟ್ಟಿದ ಮೇಲೆ ಅದೂ ಸಾರಜನಕ ಅನಿಲವಾಗಿಬಿಡುತ್ತದೆ, ನೈಟ್ರೇಟೂ ಖಾಲಿಯಾಗುತ್ತದೆ. ನಿಮ್ಮ ಸೊನ್ನೆ ಅಲ್ಲಿಂದ ಬಂದಿದ್ದು.

ಬಸಿದಾಗ ಗಾಳಿ ಒಳಗೆ ಹೋಗುತ್ತದೆ. ಅಷ್ಟರಲ್ಲಿ ಕೂಡಿಬಿದ್ದ ಅಮೋನಿಯಂ ಈಗ ನೈಟ್ರೇಟ್ ಆಗಿ ಬದಲಾಗುತ್ತದೆ, ಇನ್ನೂ ಒದ್ದೆಯಿರುವ ಹೆಂಟೆಯೊಳಗೆ ಆ ನೈಟ್ರೇಟ್ ಮತ್ತೆ ಒಡೆಯುತ್ತದೆ. ಎರಡೂ ಕಡೆಯಿಂದ ನೈಟ್ರಸ್ ಆಕ್ಸೈಡ್. ಕ್ಲೋವರ್ ಗಿಡ ಕಿತ್ತು ಬೇರುಗಂಟು (ಗಾಳಿಯ ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾ ಇರುವ ಗಂಟು) ಸೀಳಿ ನೋಡಿ, ಒಳಗೆ ಯಾವ ಬಣ್ಣ?

ಪ್ರಶ್ನೆ ಕೇಳಿದವರು
ನೋಡಿದೆ. ಹೆಚ್ಚಿನವು ಕಂದು, ಕೆಲವು ಹಸಿರು. ತಿಳಿಗೆಂಪು ಎರಡೋ ಮೂರೋ ಅಷ್ಟೇ. ಅಡಿಯ ಮಣ್ಣು ಬೂದಿ ಬಣ್ಣಕ್ಕೆ ತಿರುಗಿದೆ, ಕೊಳೆತ ಮೊಟ್ಟೆ ವಾಸನೆ ಬೇರೆ.

ಉತ್ತರ 1
ಅಲ್ಲಿಗೆ ಗೊತ್ತಾಯ್ತಲ್ವಾ? ತಿಳಿಗೆಂಪು ಇದ್ದರೆ ಗಂಟು ಜೀವಂತ, ನಿಮ್ಮವು ಹೆಚ್ಚಿನವು ಸತ್ತಿವೆ. ಕೊಳೆಯುವ ಗಂಟು, ಎಲೆಗಳಲ್ಲಿ ಸಾರಜನಕ ಜಾಸ್ತಿ, ಅದೆಲ್ಲ ಮಣ್ಣಿಗೆ ಬಿತ್ತು. ಬರೀ ಕ್ಲೋವರ್ ಇದ್ದಲ್ಲಿ ಅದನ್ನು ಹೀರಿಕೊಳ್ಳುವವರಿಲ್ಲ. ಮಿಶ್ರಣದಲ್ಲಿ ರೈಗ್ರಾಸ್‌ನ ದಟ್ಟ ಬೇರು ಬಹುಶಃ ಅದನ್ನು ಬಾಚಿಕೊಂಡಿದೆ. ಪ್ಲಾಂಟೇನ್‌ನಲ್ಲಿ ಆಕ್ಯುಬಿನ್ ಅನ್ನುವ ವಸ್ತು ಇರುತ್ತದೆ, ಅಮೋನಿಯಂ ಹೋಗಿ ನೈಟ್ರೇಟ್ ಆಗುವುದನ್ನು ಅದು ನಿಧಾನ ಮಾಡಬಲ್ಲದು. ಆದರೆ ಈ ಒಂದು ಡ್ರಮ್ ನೋಡಿ ಅದಕ್ಕೆ ಕ್ರೆಡಿಟ್ ಕೊಡಬೇಡಿ.

ಉತ್ತರ 2
ನನ್ನ ತಕರಾರು ಅದೇ. ಬಗೆಗೊಂದೇ ಡ್ರಮ್ ಸಾಲದು, ಕನಿಷ್ಠ ನಾಲ್ಕು ಬೇಕು. ಬರೀ ರೈಗ್ರಾಸ್‌ನಲ್ಲಿ ಅನಿಲ ಕಮ್ಮಿ ಬಂದರೂ ಹಿಗ್ಗಬೇಡಿ, ಗೊಬ್ಬರವಿಲ್ಲದೆ ಮೇವೂ ಕಮ್ಮಿ ಬಂದಿರುತ್ತದೆ. ಒಂದು ಕಿಲೋ ಒಣಮೇವಿಗೆ ಎಷ್ಟು ಅಂತ ಲೆಕ್ಕ ಹಾಕಿ. ನೀರು ನಿಂತಾಗ ಮೀಥೇನ್ ಕೂಡ ಅಳೆಯಿರಿ. 100 ವರ್ಷದ ಲೆಕ್ಕದಲ್ಲಿ ನೈಟ್ರಸ್ ಆಕ್ಸೈಡ್ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 273 ಪಟ್ಟು ಬಿಸಿ ಹಿಡಿಯುತ್ತದೆ, ಮೀಥೇನ್ ಹಿಡಿಯುವುದು ನೈಟ್ರಸ್ ಆಕ್ಸೈಡ್‌ನ ಸುಮಾರು ಹತ್ತರಲ್ಲೊಂದು ಭಾಗದಷ್ಟು. ಬಸಿದ ಮೇಲೆ ಎರಡು ವಾರ ದಿನಾ ಅಳೆಯಿರಿ. ವಾರಕ್ಕೊಮ್ಮೆ ಅಳೆದರೆ ಆ ಏರಿಕೆ ತಪ್ಪಿಹೋಗುತ್ತದೆ.

ಪ್ರಶ್ನೆ ಕೇಳಿದವರು
ಕ್ಲೋವರ್ ಸೊರಗಿದೆ ಅಂತ ನಾಳೆ ಯೂರಿಯಾ ಹಾಕುವವನಿದ್ದೆ!

ಉತ್ತರ 1
ಅಯ್ಯೋ, ಈಗ ಬೇಡ. ಮಣ್ಣು ಒಣಗಿ ಹೊಸ ಚಿಗುರು ಬರಲಿ.