ಹಗುರ ರೈಡರ್, ಗಟ್ಟಿ ಸಸ್ಪೆನ್ಷನ್: ಕ್ಲಿಕ್ ತಿರುಗಿಸಬೇಕಾ, ಸ್ಪ್ರಿಂಗ್ ಬದಲಿಸಬೇಕಾ?

ನವಿಲುಗರಿ:

ಎಲ್ಲರಿಗೂ ನಮಸ್ಕಾರ. ನನ್ನ ತೂಕ 53 ಕೆಜಿ. ಹೆಲ್ಮೆಟ್, ಜಾಕೆಟ್, ಬೂಟು ಎಲ್ಲಾ ಸೇರಿ 60 ಬರುತ್ತದೆ. ಬೈಕ್ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, 28,000 ಕಿಮೀ ಓಡಿದೆ. ಫೋರ್ಕ್ ಆಯಿಲ್ ಯಾವತ್ತಾದರೂ ಬದಲಾಗಿದೆಯಾ ಅಂತ ದಾಖಲೆ ಇಲ್ಲ. ಮುಂದೆ ಕಾರ್ಟ್ರಿಜ್ ಫೋರ್ಕ್ (ಆಯಿಲ್ ತಡೆಯುವ ಭಾಗ ಒಳಗೆ ಬೇರೆ ಕೊಳವೆಯಲ್ಲಿರುವ ಬಗೆ), 120 ಎಂಎಂ ಟ್ರಾವೆಲ್, ಅಂದರೆ ಅಷ್ಟು ಕುಗ್ಗಬಲ್ಲದು. ಹಿಂದೆ ಒಂದೇ ಶಾಕ್, ಪ್ರೀಲೋಡ್ (ಸ್ಪ್ರಿಂಗನ್ನು ಮೊದಲೇ ಎಷ್ಟು ಒತ್ತಿಟ್ಟಿದೆ ಅನ್ನೋದು) ಮತ್ತು ರೀಬೌಂಡ್ (ಕುಗ್ಗಿದ ಶಾಕ್ ವಾಪಸ್ ಏಳುವಾಗಿನ ತಡೆ) ಅಡ್ಜಸ್ಟ್ ಮಾಡಬಹುದು.

ಸಣ್ಣ ಗುಂಡಿ ಸಿಕ್ಕರೂ ಏಟು ನೇರ ಮಣಿಕಟ್ಟಿಗೆ ಬರುತ್ತದೆ. ಸ್ವಲ್ಪ ದೂರ ಓಡಿಸುವಷ್ಟರಲ್ಲಿ ಬೆರಳು ಜೋಮು ಹಿಡಿಯುತ್ತವೆ. ಹಂಪ್ ದಾಟುವಾಗ ಹಿಂದಿನಿಂದ ಸೀಟು ಎತ್ತಿ ಹಾಕುತ್ತದೆ. ಮೆತ್ತಗಾಗಲಿ ಅಂತ ಹಿಂದಿನ ಪ್ರೀಲೋಡ್ ಪೂರ್ತಿ ಇಳಿಸಿದೆ. ಏಟು ಹಾಗೇ ಇದೆ. ಈಗ ತಿರುವಿನಲ್ಲಿ ಬೈಕ್ ಹೊರಗಡೆಗೆ ಎಳೆಯುತ್ತದೆ, ಹ್ಯಾಂಡಲ್ ಭಾರ ಅನಿಸುತ್ತದೆ. ಇನ್ನೇನು ತಿರುಗಿಸಬೇಕು ಹೇಳಿ.

ಎರಡನೇ ಗೇರ್:

ಮೊದಲು ಟೈರ್ ಪ್ರೆಶರ್ ನೋಡಿ. ನನ್ನದೂ ಇದೇ ಮಾಡೆಲ್. ರೀಬೌಂಡ್ 8 ಕ್ಲಿಕ್ (ಅಡ್ಜಸ್ಟರ್ ತಿರುಗಿಸಿದಾಗ ಟಕ್ ಅನ್ನುವ ಒಂದೊಂದು ಹೆಜ್ಜೆ) ಇಟ್ಟಿದ್ದೀನಿ, ಆರಾಮಾಗಿದೆ. ನೀವೂ ಅದೇ ಇಡಿ. ಮುಂದೆ ತೆಳು ಆಯಿಲ್ ಹಾಕಿಸಿದರೆ ಇನ್ನೂ ಮೆತ್ತಗಾಗುತ್ತದೆ.

ಶಿಮ್ ಸ್ಟ್ಯಾಕ್:

ಟೈರ್ ಪ್ರೆಶರ್ ಮೊದಲು ನೋಡಬೇಕು ಅನ್ನೋದು ಸರಿಯಾದ ಮಾತು. ಆದರೆ ಕ್ಲಿಕ್ ನಂಬರ್ ಸಾಲ ತಗೋಬೇಡಿ ಮೇಡಂ. ಅವರ ತೂಕ ಬೇರೆ, ಅವರ ಆಯಿಲ್‌ನ ವಯಸ್ಸು ಬೇರೆ. ನಾನು ದಿನಾ ಫೋರ್ಕ್, ಶಾಕ್ ಬಿಚ್ಚಿ ಕಟ್ಟುವವನು. ಬೈಕ್ ಬಂದರೆ ಸ್ಪ್ಯಾನರ್ ಮುಟ್ಟುವ ಮೊದಲು ಟೇಪು ಹಿಡಿಯುತ್ತೇನೆ. ನೀವೂ ಅದನ್ನೇ ಮಾಡಿ, ಸ್ಯಾಗ್ ಅಳೆಯಿರಿ, ಅಂದರೆ ತೂಕ ಬಿದ್ದಾಗ ಸಸ್ಪೆನ್ಷನ್ ಎಷ್ಟು ಕೂರುತ್ತದೆ ಅನ್ನೋದು.

ಹಿಂದಿನ ಚಕ್ರ ನೆಲ ಬಿಡುವ ಹಾಗೆ ಬೈಕ್ ಎತ್ತಿ. ಆಕ್ಸಲ್‌ನಿಂದ ನೇರ ಮೇಲೆ, ಬಾಲದ ಮೇಲೆ ಒಂದು ಗುರುತು ಹಾಕಿ ದೂರ ಅಳೆಯಿರಿ. ಆಮೇಲೆ ಬೈಕ್ ತನ್ನ ತೂಕದ ಮೇಲೇ ನಿಲ್ಲಲಿ, ಮತ್ತೆ ಅಳೆಯಿರಿ. ಕಡೆಗೆ ಪೂರ್ತಿ ಗೇರ್ ಹಾಕಿಕೊಂಡು, ಓಡಿಸುವ ಭಂಗಿಯಲ್ಲೇ ಕೂತು, ಇನ್ನೊಬ್ಬರ ಕೈಲಿ ಅಳೆಸಿ. ಎತ್ತಿದಾಗಿನ ಅಳತೆಯಿಂದ ಎರಡನೆಯದನ್ನು ಕಳೆದರೆ ಫ್ರೀ ಸ್ಯಾಗ್, ಮೂರನೆಯದನ್ನು ಕಳೆದರೆ ರೈಡರ್ ಸ್ಯಾಗ್. ರಸ್ತೆ ಬೈಕಿಗೆ ಹಿಂದೆ ಫ್ರೀ ಸ್ಯಾಗ್ 5ರಿಂದ 10 ಎಂಎಂ, ರೈಡರ್ ಸ್ಯಾಗ್ 30 ಎಂಎಂ ಆಸುಪಾಸು ಇದ್ದರೆ ಒಳ್ಳೆಯ ಶುರು.

ಮುಂದೆಯೂ ಹೀಗೇ, ಆದರೆ ಎರಡು ಸಲ. ನೀವು ಕೂತಿರುವಾಗಲೇ ಒಬ್ಬರು ಫೋರ್ಕ್ ಕೆಳಗೆ ಒತ್ತಿ ನಿಧಾನವಾಗಿ ಬಿಡಲಿ, ನಿಂತಲ್ಲಿ ಅಳೆಯಿರಿ. ಆಮೇಲೆ ಮೇಲೆತ್ತಿ ನಿಧಾನವಾಗಿ ಬಿಡಲಿ, ಮತ್ತೆ ಅಳೆಯಿರಿ. ಎರಡೂ ಒಂದೇ ಬರುವುದಿಲ್ಲ. ನಡುವಿನ ಅಂತರ ಫೋರ್ಕ್ ಒಳಗಿನ ತಿಕ್ಕಾಟ. ನಿಮ್ಮ ಕೈ ಜೋಮಿಗೆ ಅದೇ ಕಾರಣ ಅಂತ ನನ್ನ ಅನುಮಾನ.

ಫೋರ್ಕಿನ ಹೊಳೆಯುವ ಪೈಪಿಗೆ ಒಂದು ಕೇಬಲ್ ಟೈ ಕಟ್ಟಿ, ಡಸ್ಟ್ ಸೀಲ್‌ಗೆ ತಾಗಿಸಿ ಬಿಡಿ. ಖಾಲಿ ರಸ್ತೆಯಲ್ಲಿ ಜೋರಾಗಿ ಬ್ರೇಕ್ ಹಿಡಿದು ಎಷ್ಟು ಸರಿದಿದೆ ನೋಡಿ. ಶಾಕ್ ಸ್ಪ್ರಿಂಗ್ ಮೇಲೆ ನಂಬರ್ ಬರೆದಿದ್ದರೆ ಅದನ್ನೂ ಹಾಕಿ.

ನವಿಲುಗರಿ:

ಅಣ್ಣ, ಅಳೆದೆ. ಹಿಂದೆ ಫ್ರೀ ಸ್ಯಾಗ್ 16, ರೈಡರ್ ಸ್ಯಾಗ್ 32. ಪ್ರೀಲೋಡ್ ಇನ್ನೂ ಪೂರ್ತಿ ಇಳಿಸಿದ ಹಾಗೇ ಇದೆ. ಸ್ಪ್ರಿಂಗ್ ಮೇಲೆ 90 ಅಂತಿದೆ. ಮುಂದೆ ಎರಡು ಅಳತೆಗೂ 14 ಎಂಎಂ ವ್ಯತ್ಯಾಸ! ಕೇಬಲ್ ಟೈ 70 ಎಂಎಂ ದಾಟಲಿಲ್ಲ. ರೈಡರ್ ಸ್ಯಾಗ್ ಸರಿಯಾಗೇ ಇದೆ ಅಲ್ವಾ? ಹಾಗಾದರೆ ಸ್ಪ್ರಿಂಗ್ ನನಗೆ ಸರಿ ಅಂತ ಅರ್ಥನಾ?

ಶಿಮ್ ಸ್ಟ್ಯಾಕ್:

ಇಲ್ಲ. ತುಂಬಾ ಜನ ತಪ್ಪು ತಿಳಿಯುವುದು ಇಲ್ಲೇ, ಅದಕ್ಕೆ ಬಿಡಿಸಿ ಬರೆಯುತ್ತೇನೆ.

ಪ್ರೀಲೋಡ್ ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿಯೂ ಆಗುವುದಿಲ್ಲ, ಮೆತ್ತಗೂ ಆಗುವುದಿಲ್ಲ. ಬೈಕ್ ಎಷ್ಟು ಎತ್ತರದಲ್ಲಿ ನಿಲ್ಲಬೇಕು ಅನ್ನೋದಷ್ಟೇ ಬದಲಾಗುತ್ತದೆ. 90 ಅಂದರೆ ಒಂದು ಎಂಎಂ ಒತ್ತಲು 90 ನ್ಯೂಟನ್ ಬೇಕು. ಪ್ರೀಲೋಡ್ ಎಲ್ಲಿಟ್ಟರೂ ಅದು 90ನೇ. ನೀವು ಇಳಿಸಿದ್ದರಿಂದ ಬೈಕಿನ ಹಿಂಭಾಗ ಕೂತಿತು. ಹಿಂದೆ ಕೂತರೆ ಫೋರ್ಕ್ ಇನ್ನಷ್ಟು ಓರೆಯಾಗುತ್ತದೆ, ಹ್ಯಾಂಡಲ್ ನಿಧಾನವಾಗುತ್ತದೆ. ತಿರುವಿನಲ್ಲಿ ಹೊರಗೆ ಎಳೆಯುವುದು ಅದಕ್ಕೇ.

ಈಗ ನಿಮ್ಮ ಎರಡು ನಂಬರ್ ಜೊತೆಯಾಗಿ ನೋಡಿ. ನೀವು ಕೂತಾಗ ಬೈಕ್ ಇಳಿದಿದ್ದು 16 ಎಂಎಂ ಮಾತ್ರ. ಉಳಿದ 16 ಬೈಕ್ ತನ್ನ ತೂಕಕ್ಕೇ ಕಳೆದುಕೊಂಡಿದೆ. ರೈಡರ್ ಸ್ಯಾಗ್ ಸರಿ ಇದ್ದು ಫ್ರೀ ಸ್ಯಾಗ್ ಜಾಸ್ತಿ ಬಂದರೆ ಸ್ಪ್ರಿಂಗ್ ನಿಮಗೆ ಗಟ್ಟಿ. ರೈಡರ್ ಸ್ಯಾಗ್ ಸರಿ ಇದ್ದು ಫ್ರೀ ಸ್ಯಾಗ್ ಸೊನ್ನೆಗೆ ಬಂದರೆ ಸ್ಪ್ರಿಂಗ್ ಮೆತ್ತಗೆ. ಕೇಳಲು ಉಲ್ಟಾ ಅನಿಸುತ್ತದೆ. ಆದರೆ ಗಟ್ಟಿ ಸ್ಪ್ರಿಂಗ್ ಇಟ್ಟುಕೊಂಡು ಹಗುರ ರೈಡರ್‌ಗೆ 30 ಎಂಎಂ ಕೊಡಬೇಕಾದರೆ ಪ್ರೀಲೋಡ್ ಇಳಿಸುತ್ತಾ ಹೋಗಲೇಬೇಕು, ಆಗ ಖಾಲಿ ಬೈಕೇ ಜಾಸ್ತಿ ಕೂರುತ್ತದೆ. ನಿಮ್ಮ ತೂಕಕ್ಕೆ 75 ಅಥವಾ 80ರ ಸ್ಪ್ರಿಂಗ್ ಹುಡುಕಿ. ಒಳಗಿನ ವ್ಯಾಸ, ಉದ್ದ ಎರಡೂ ನಿಮ್ಮ ಶಾಕ್‌ಗೆ ಹೊಂದಬೇಕು.

ಸ್ಪ್ರಿಂಗ್ ಮೆತ್ತಗಾದ ಮೇಲೆ ರೀಬೌಂಡನ್ನೂ ಸ್ವಲ್ಪ ಸಡಿಲ ಮಾಡಬೇಕು. ಹಳೇ ಡ್ಯಾಂಪಿಂಗ್ (ಆಯಿಲ್ ಕೊಡುವ ತಡೆ) ಹಾಗೇ ಬಿಟ್ಟರೆ ಸ್ಪ್ರಿಂಗ್‌ಗೆ ಚಕ್ರವನ್ನು ಬೇಗ ಕೆಳಗೆ ತಳ್ಳುವ ಶಕ್ತಿ ಸಾಲುವುದಿಲ್ಲ. ಸಾಲಾಗಿ ಗುಂಡಿ ಬಂದಾಗ ಮೊದಲ ಗುಂಡಿಯಿಂದ ಎದ್ದೇಳುವ ಮೊದಲೇ ಎರಡನೆಯದು, ಮೂರನೆಯದು. ಶಾಕ್ ಕುಗ್ಗುತ್ತಾ ಹೋಗುತ್ತದೆ, ನಿಮಗೆ ಅದು ಗಟ್ಟಿ ಅಂತಲೇ ಅನಿಸುತ್ತದೆ.

ಮುಂದಿನ 14 ಎಂಎಂ ಬಗ್ಗೆ. ಆಯಿಲ್ ಆಮೇಲೆ, ಮೊದಲು ಕಾಸಿಲ್ಲದ ಕೆಲಸ ಮಾಡಿ. ಚಕ್ರ ಕೂರಿಸುವಾಗ ಆಕ್ಸಲ್ ಫೋರ್ಕಿನ ಒಂದು ಕಾಲನ್ನು ಒಳಗೆ ಎಳೆದುಕೊಂಡು ಹಾಗೇ ಬಿಗಿಯಾಗಿದ್ದರೆ ಎರಡು ಕಾಲೂ ಸಮಾನಾಂತರ ಇರುವುದಿಲ್ಲ, ಬುಶ್ (ಪೈಪ್ ಜಾರಲು ಒಳಗಿರುವ ಬಳೆ) ಪೈಪನ್ನು ಕಚ್ಚುತ್ತದೆ. ಆಕ್ಸಲ್ ಬಿಗಿಯಾಗಿಯೇ ಇರಲಿ. ಅದು ತೇಲಿ ಕೂರುವ ಕಡೆಯ ಪಿಂಚ್ ಬೋಲ್ಟ್ (ಫೋರ್ಕಿನ ಕಾಲು ಆಕ್ಸಲನ್ನು ಬಿಗಿಯಾಗಿ ಹಿಡಿಯುವಂತೆ ಮಾಡುವ ಬೋಲ್ಟ್) ಮಾತ್ರ ಸಡಿಲಿಸಿ. ಬೈಕ್ ನೆಲದ ಮೇಲಿರಲಿ. ಮುಂದಿನ ಬ್ರೇಕ್ ಹಿಡಿದು ಫೋರ್ಕನ್ನು ನಾಲ್ಕಾರು ಸಲ ಜೋರಾಗಿ ಕುಣಿಸಿ. ಕಾಲು ತನ್ನ ಜಾಗ ತಾನೇ ಹುಡುಕಿಕೊಳ್ಳುತ್ತದೆ. ಆಮೇಲೆ ಮ್ಯಾನ್ಯುಯಲ್ ಹೇಳುವ ಟಾರ್ಕ್‌ಗೆ ಬಿಗಿ ಮಾಡಿ, ಮತ್ತೆ ಅಳೆಯಿರಿ.

ನವಿಲುಗರಿ:

14 ಇದ್ದದ್ದು 8ಕ್ಕೆ ಇಳಿಯಿತು! ಬರೀ ಒಂದು ಬೋಲ್ಟ್‌ನಿಂದ. ಸಣ್ಣ ಏಟು ಆಗಲೇ ಕಡಿಮೆಯಾಗಿದೆ. ಫೋರ್ಕ್ ಆಯಿಲ್ ನಾನೇ ಬದಲಿಸಲಾ? ತೆಳು ಆಯಿಲ್ ಹಾಕಲಾ?

ಶಿಮ್ ಸ್ಟ್ಯಾಕ್:

ಬಹಳ ಸಂತೋಷ. ಉಳಿದ 8ಕ್ಕೆ ಫೋರ್ಕ್ ಬಿಚ್ಚಲೇಬೇಕು. ಬಿಚ್ಚುವ ಮೊದಲು ಅಡ್ಜಸ್ಟರನ್ನು ಪೂರ್ತಿ ಮುಚ್ಚಿದ ಸ್ಥಿತಿಯಿಂದ ಈಗ ಎಷ್ಟು ಕ್ಲಿಕ್ ತೆರೆದಿದೆ ಅಂತ ಬರೆದಿಡಿ.

ಆಯಿಲ್ ಬಿಳಿ ಪಾತ್ರೆಗೆ ಸುರಿಯಿರಿ. ಹಳೆಯದಾಗಿದ್ದರೆ ಬೂದಿ ಬಣ್ಣಕ್ಕೆ ತಿರುಗಿರುತ್ತದೆ, ವಾಸನೆ ಮೂಗಿಗೆ ಹೊಡೆಯುತ್ತದೆ. ಒಂದು ರಾತ್ರಿ ಬಿಟ್ಟರೆ ತಳದಲ್ಲಿ ಮಿನುಗುವ ಪುಡಿ ಕೂತಿರುತ್ತದೆ. ಬುಶ್ ಸವೆದ ಪುಡಿ, ಸ್ಪ್ರಿಂಗ್ ಪೈಪಿಗೆ ಉಜ್ಜಿದ ಪುಡಿ ಅದು. ಬುಶ್ ಕೈಗೆ ತಗೊಂಡು ಬೆಳಕಿಗೆ ಹಿಡಿಯಿರಿ. ಮೇಲಿನ ಕಡು ಬೂದಿ ಟೆಫ್ಲಾನ್ ಪದರ ಹರಿದು ತಾಮ್ರದ ಬಣ್ಣ ಇಣುಕುತ್ತಿದ್ದರೆ ಹೊಸದು ಹಾಕಿ. ಕೈಯಾಡಿಸಿ ನೋಡಿ, ಪೈಪ್ ಮೇಲೆ ಉಗುರಿಗೆ ಸಿಗುವಷ್ಟು ತುಕ್ಕಿನ ಚುಕ್ಕಿ ಇದ್ದರೆ ಹೊಸ ಆಯಿಲ್ ಸೀಲ್ ಹಾಕಿದರೂ ಸೋರುತ್ತದೆ.

ಬೇಕಂತ ತೆಳು ಆಯಿಲ್ ಹಾಕಬೇಡಿ, ಮ್ಯಾನ್ಯುಯಲ್ ಹೇಳಿದ್ದನ್ನೇ ಹಾಕಿ. ಡಬ್ಬಿಯ ಮೇಲಿನ 5ಡಬ್ಲ್ಯೂ, 10ಡಬ್ಲ್ಯೂ ನಂಬಿ ಬ್ರಾಂಡ್ ಬದಲಿಸಲೂ ಬೇಡಿ. ಒಂದು ಕಂಪನಿಯ 5 ಇನ್ನೊಂದರ 7.5ರಷ್ಟು ದಪ್ಪ ಇರಬಹುದು. 40 ಡಿಗ್ರಿಯಲ್ಲಿ ಎಷ್ಟು ಸೆಂಟಿಸ್ಟೋಕ್ಸ್ (ಆಯಿಲ್ ದಪ್ಪದ ಅಳತೆ) ಅಂತ ನೋಡಿ, ಅದನ್ನೇ ಹೋಲಿಸಿ. ಸುರಿದ ಮೇಲೆ ಕಾರ್ಟ್ರಿಜ್ ರಾಡನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸಿ. ಮೊದಲು ಪೊಳ್ಳು ಪೊಳ್ಳು ಅನಿಸುತ್ತದೆ. ಗಾಳಿ ಹೋದ ಮೇಲೆ ಉದ್ದಕ್ಕೂ ಒಂದೇ ಎಳೆತ ಬರುತ್ತದೆ. ಲೆವೆಲ್ ಅಳೆಯುವಾಗ ಸ್ಪ್ರಿಂಗ್ ಹೊರಗಿರಲಿ, ಫೋರ್ಕ್ ಪೂರ್ತಿ ಒತ್ತಿರಲಿ.

ನಿಮ್ಮದು 120ರಲ್ಲಿ 70 ಮಾತ್ರ ಬಳಕೆಯಾಗುತ್ತಿದೆ, ಫೋರ್ಕ್ ಸ್ಪ್ರಿಂಗೂ ನಿಮಗೆ ಗಟ್ಟಿ ಇರುವ ಸಾಧ್ಯತೆ ಜಾಸ್ತಿ. ತಿಕ್ಕಾಟ ಹೋದ ಮೇಲೆ ಕೇಬಲ್ ಟೈ ಮತ್ತೆ ನೋಡಿ, ಆಮೇಲೆ ತೀರ್ಮಾನಿಸೋಣ.

ಎರಡನೇ ಗೇರ್:

ಒಂದು ಅನುಮಾನ ಸರ್. ಕಂಪ್ರೆಷನ್ (ಶಾಕ್ ಕುಗ್ಗುವಾಗಿನ ತಡೆ) ಕ್ಲಿಕ್ ಪೂರ್ತಿ ತೆರೆದರೂ ನನ್ನ ಇನ್ನೊಂದು ಬೈಕಿನಲ್ಲಿ ಹಂಪಿನ ಅಂಚು ಹೊಡೆಯುತ್ತದೆ. ಹಿಂದಿನ ಶಾಕ್ ನಾನೇ ಬಿಚ್ಚಿ ನೋಡಲಾ?

ಶಿಮ್ ಸ್ಟ್ಯಾಕ್:

ಕ್ಲಿಕ್ ತೆರೆಯುವುದು ಆಯಿಲ್ ಹರಿಯುವ ಒಂದು ಸಣ್ಣ ಅಡ್ಡದಾರಿ ಮಾತ್ರ. ಬ್ರೇಕ್ ಹಿಡಿದಾಗ, ಬೈಕ್ ವಾಲಿಸಿದಾಗ ರಾಡ್ ನಿಧಾನವಾಗಿ ಚಲಿಸುತ್ತದೆ, ಆಗ ಅದು ಕೆಲಸ ಮಾಡುತ್ತದೆ. ಅಂಚು ಹೊಡೆದಾಗ ರಾಡ್ ಸರ್ರನೆ ಒಳಗೆ ನುಗ್ಗುತ್ತದೆ, ಆ ಆಯಿಲ್ ಅಡ್ಡದಾರಿಯಲ್ಲಿ ಹಿಡಿಸುವುದಿಲ್ಲ, ಪಿಸ್ಟನ್ ಮೇಲಿನ ಶಿಮ್‌ಗಳನ್ನು (ತೆಳು ಉಕ್ಕಿನ ವಾಷರ್‌ಗಳು) ಬಗ್ಗಿಸಿಯೇ ಹೋಗಬೇಕು. ಶಿಮ್‌ನ ಬಿಗುವು ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. 0.15 ಎಂಎಂ ತೆಗೆದು 0.10 ಹಾಕಿದರೆ ಆ ಒಂದು ಶಿಮ್‌ನ ಬಿಗುವು ಮೊದಲಿದ್ದದ್ದರ ಮೂರನೇ ಒಂದು ಭಾಗದಷ್ಟೂ ಉಳಿಯುವುದಿಲ್ಲ. ರೈಡರ್‌ಗೆ ತಕ್ಕ ಹಾಗೆ ಕಟ್ಟುವುದು ಅಂದರೆ ಮುಖ್ಯವಾಗಿ ಈ ಕೆಲಸ. ಒಂದೊಂದು ಶಿಮ್‌ಗೂ ಮೈಕ್ರೋಮೀಟರ್ ಹಿಡಿದು, ತೆಗೆದ ಕ್ರಮ ಬರೆದಿಟ್ಟು ಮಾಡುತ್ತೇವೆ.

ಶಾಕ್ ಮಾತ್ರ ಮನೆಯಲ್ಲಿ ಬಿಚ್ಚಬೇಡಿ. ಒಳಗೆ ನೈಟ್ರೋಜನ್ ಒತ್ತಡದಲ್ಲಿರುತ್ತದೆ. ಆಯಿಲ್ ನೊರೆಯಾಗದಿರಲಿ ಅಂತ ಅದನ್ನು ತುಂಬಿರುತ್ತಾರೆ. ಒತ್ತಡ ಬಿಡದೆ ಮುಚ್ಚಳ ತೆಗೆದರೆ ಅದು ಮುಖಕ್ಕೇ ಹಾರಿ ಬರುತ್ತದೆ. ವಾಪಸ್ ತುಂಬಲು ರೆಗ್ಯುಲೇಟರ್, ಸೂಜಿ ಬೇಕು. ಲಿಂಕೇಜ್ ಬೇರಿಂಗ್ (ಶಾಕನ್ನು ಹಿಂದಿನ ಚಕ್ರದ ತೋಳಿಗೆ ಜೋಡಿಸುವ ಕೊಂಡಿಯ ಬೇರಿಂಗ್) ಮಾತ್ರ ನೀವೇ ಬಿಚ್ಚಿ ಗ್ರೀಸ್ ಹಚ್ಚಿ. ಅದು ಒಣಗಿದ್ದರೂ ಅಂಚು ಹೀಗೇ ಹೊಡೆಯುತ್ತದೆ.