ತರಗತಿಗೆ ಟ್ಯಾಬ್ ತರಿಸಬೇಕಾ? ಬಳಸಿದವರು ಅನುಭವ ಹೇಳಿ

ಹೊಸ ಟೀಚರ್:
ಏಳನೇ ತರಗತಿಗೆ ಗಣಿತ ತಗೋತೀನಿ. ಭಿನ್ನರಾಶಿಯಲ್ಲೇ ಅರ್ಧ ಮಕ್ಕಳು ಹಿಂದೆ ಬಿದ್ದಿದ್ದಾರೆ. ಶಾಲೆಯವರು ಎಲ್ಲರಿಗೂ ಟ್ಯಾಬ್ ಕೊಡಿಸೋಣ ಅಂತಿದ್ದಾರೆ. ನೆಟ್ ಆಗಾಗ ಕೈಕೊಡುತ್ತೆ. ಬಳಸಿ ನೋಡಿದವರು ದಯವಿಟ್ಟು ಹೇಳಿ.

ವಿಜ್ಞಾನ ಮೇಷ್ಟ್ರು:
ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತೆ. ನಮ್ಮಲ್ಲಿ ಟ್ಯಾಬಿನ ದುಡ್ಡಷ್ಟೇ ಲೆಕ್ಕ ಹಾಕಿದ್ರು. ಆಮೇಲೆ ಒಂದೊಂದೇ ಶುರುವಾಯ್ತು: ಚಾರ್ಜಿಂಗ್‌ಗೆ ಬೀರು, ಅದಕ್ಕೆ ಬೇರೆ ವೈರಿಂಗ್, ಒಡೆದ ಸ್ಕ್ರೀನು, ಸಡಿಲಾದ ಚಾರ್ಜರ್ ಪಿನ್ನು, ವರ್ಷಾ ವರ್ಷಾ ಆ್ಯಪ್ ಲೈಸೆನ್ಸು. ಪಾಸ್‌ವರ್ಡ್ ಮರೆತವರು ಪ್ರತಿ ಪೀರಿಯಡ್ಡಲ್ಲೂ ಇರ್ತಾರೆ. ಪಾಠದ ಮಧ್ಯೆ ಎಲ್ಲ ಟ್ಯಾಬ್ ಒಟ್ಟಿಗೆ ಅಪ್‌ಡೇಟ್‌ಗೆ ಕೂತರೆ ವೈಫೈ ಕುಸಿದೇ ಹೋಗುತ್ತೆ. ರಿಪೇರಿಗೆ ಕಳಿಸಿದ್ದು ವಾಪಸ್ ಬರೋ ಹೊತ್ತಿಗೆ ಅಧ್ಯಾಯ ಮುಗಿದಿರುತ್ತೆ. ಪೆರು ದೇಶದಲ್ಲಿ ಮಗುವಿಗೊಂದು ಲ್ಯಾಪ್‌ಟಾಪ್ ಹಂಚಿದ್ರಲ್ಲ, 2012ರ ಅಧ್ಯಯನ ಓದಿ. 319 ಶಾಲೆ ನೋಡಿದ್ರು, ಗಣಿತದಲ್ಲೂ ಭಾಷೆಯಲ್ಲೂ ಮಕ್ಕಳು ಮೇಲೇರಲಿಲ್ಲ.

ಗ್ರಾಫ್ ಮೇಡಂ:
ಮೇಷ್ಟ್ರೇ, ತರ್ಕಶಕ್ತಿಯಂಥ ಸಾಮರ್ಥ್ಯಗಳಲ್ಲಿ ಸ್ವಲ್ಪ ಸುಧಾರಣೆ ಕಂಡಿದ್ದೂ ಅದೇ ಅಧ್ಯಯನದಲ್ಲಿ. ಅದನ್ನ ಯಾಕೆ ನುಂಗಿದ್ರಿ?
ನನ್ನ ಹತ್ತಿರ ಇರೋದು ಒಂದು ಪ್ರೊಜೆಕ್ಟರ್, ಒಂದು ಹಳೇ ಲ್ಯಾಪ್‌ಟಾಪ್. ಗ್ರಾಫು, ಆಕೃತಿ ಎಳೆದು ತೋರಿಸೋ ಜಿಯೊಜಿಬ್ರಾ ಸಾಫ್ಟ್‌ವೇರ್ ಇದೆ, ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ ಫೆಟ್ ಇದೆ, ಗಣಿತ-ವಿಜ್ಞಾನದ ಪ್ರಯೋಗಗಳನ್ನ ಪರದೆ ಮೇಲೇ ಆಡಿಸಿ ನೋಡೋದು. ಎರಡಕ್ಕೂ ನಾನು ದುಡ್ಡು ಕೊಟ್ಟಿಲ್ಲ. ಮೊದಲೇ ಇಳಿಸಿಟ್ಟುಕೊಂಡರೆ ನೆಟ್ಟೂ ಬೇಡ. ಪರದೆ ಮೇಲಿನ ಸ್ಲೈಡರ್ (ಸಂಖ್ಯೆ ಬದಲಿಸೋ ಗುಂಡಿ) ಎಳೆಯೋ ಮುಂಚೆ ಗ್ರಾಫಿನ ಗೆರೆ ಯಾವ ಕಡೆ ವಾಲುತ್ತೆ ಅಂತ ಎಲ್ಲರ ಕೈಲೂ ನೋಟ್‌ಬುಕ್ಕಲ್ಲಿ ಬರೆಸ್ತೀನಿ. ಊಹೆ ತಪ್ಪಿದವರು ಯಾಕೆ ಹೀಗಾಯ್ತು ಅಂತ ಬಿಡದೆ ಕೇಳ್ತಾರೆ, ಕಲಿಕೆ ಅಲ್ಲೇ ಆಗೋದು. ಬರೀ ವಿಡಿಯೊ ಹಾಕಿ ಕೂತರೆ ಏನೂ ಆಗಲ್ಲ. ಪ್ರೊಜೆಕ್ಟರ್ ಲ್ಯಾಂಪ್ ಮಂಕಾದರೆ ಮಾತ್ರ ಕಿಟಕಿ ಎಲ್ಲ ಮುಚ್ಚಬೇಕು, ಸೆಖೆ.

ವಿಜ್ಞಾನ ಮೇಷ್ಟ್ರು:
ನುಂಗಿದ್ದು ಅಂದ್ರೇನು ಮೇಡಂ? ಇಲ್ಲಿ ಕೇಳಿರೋದು ಗಣಿತ. ನೀವು ಗೆರೆ ಎಳೀತಿರುವಾಗ ಹಿಂದಿನ ಬೆಂಚಿನವನು ಏನು ಮಾಡ್ತಿರ್ತಾನೆ, ನೋಡಿದ್ದೀರಾ?

ಸಂಜೆ ಪಾಠ:
ಇಬ್ಬರೂ ನೆಟ್ ಇಲ್ಲದ ದಾರಿ ಪೂರ್ತಿ ಹೇಳ್ತಿಲ್ಲ. ನಾವು ಕೋಲಿಬ್ರಿ ಹಾಕಿದ್ದೀವಿ, ನೆಟ್ ಇಲ್ಲದೇ ಪಾಠ ತೋರಿಸೋ ಸಾಫ್ಟ್‌ವೇರ್ ಅದು. ಒಂದು ಕಂಪ್ಯೂಟರೇ ಸರ್ವರ್, ಪಕ್ಕದಲ್ಲಿ ರೂಟರ್, ಮಕ್ಕಳು ಹಳೇ ಫೋನಲ್ಲೂ ತೆಗೀತಾರೆ. ಸುಲಭ ಅಂತ ಮಾತ್ರ ಹೇಳಲ್ಲ. ಪಾಠಗಳನ್ನ ಇಳಿಸೋಕೆ ರಾತ್ರಿಯೆಲ್ಲ ಕೂತಿದ್ದೀವಿ, ನಡುವೆ ಡಿಸ್ಕ್ ತುಂಬಿ ನಿಂತುಹೋಯ್ತು. ಕರೆಂಟ್ ಹೋದ ರಭಸಕ್ಕೆ ಮೆಮೊರಿ ಕಾರ್ಡ್ ಕೆಟ್ಟು ಎಲ್ಲ ಮೊದಲಿಂದ ಶುರು. ಯುಪಿಎಸ್ ತಂದ ಮೇಲೇ ನೆಮ್ಮದಿ. ಆದರೆ ಏಳನೇ ತರಗತಿ ಹುಡುಗಿ ಮೂರನೇ ತರಗತಿಯ ಭಿನ್ನರಾಶಿಯಿಂದ ಶುರು ಮಾಡಿದರೂ ಪಕ್ಕದವರಿಗೆ ಗೊತ್ತಾಗಲ್ಲ, ಯಾರೂ ನಗಲ್ಲ. ಬೋರ್ಡ್ ಮುಂದೆ ನಿಲ್ಲಿಸಿ ಅದನ್ನ ಮಾಡಿಸೋಕೆ ನನ್ನಿಂದ ಆಗ್ತಿರಲಿಲ್ಲ.

ರಿಪೇರಿ ಅಣ್ಣ:
ಮೇಷ್ಟ್ರೇ, ರಜೆಯಲ್ಲಿ ಟ್ಯಾಬ್ ಹೇಗಿಟ್ಟಿದ್ರಿ? ಪೂರ್ತಿ ಖಾಲಿಯಾಗಿ ಬೀರುವಲ್ಲಿ ಕೂತರೆ ಲಿಥಿಯಂ ಬ್ಯಾಟರಿ ಹಾಳಾಗುತ್ತೆ. ಅರ್ಧ ಚಾರ್ಜಲ್ಲಿ ಆಫ್ ಮಾಡಿ ತಂಪಾದ ಕಡೆ ಇಡಬೇಕು. ಊದಿದ್ದನ್ನಂತೂ ಚಾರ್ಜಿಗೇ ಹಾಕಬೇಡಿ.

ವಿಜ್ಞಾನ ಮೇಷ್ಟ್ರು:
ಬೀರುವಿನ ಕೀಲಿ ಆಫೀಸಿನವರ ಹತ್ತಿರ ಇರುತ್ತೆ ಅಣ್ಣ. ರಜೆಯಲ್ಲಿ ಚಾರ್ಜ್ ಮಾಡೋದು ಯಾರ ಕೆಲಸ ಅಂತ ಯಾರೂ ಹೇಳಲೇ ಇಲ್ಲ. ಬೈಗುಳ ಮಾತ್ರ ನನಗೆ.

ಗ್ರಾಫ್ ಮೇಡಂ:
ಹಿಂದಿನ ಬೆಂಚು ಅಂದ್ರಲ್ಲ. ನಾನು ನಿಂತು ಪಾಠ ಮಾಡೋದೇ ಅಲ್ಲಿ. ವೈರ್‌ಲೆಸ್ ಮೌಸ್ ಅವರ ಕೈಲೇ ಇರುತ್ತೆ, ಗೆರೆ ಎಳೆಯೋದೂ ಅವರೇ.