ಕಾಲೇಜ್ ಫುಟ್‌ಬಾಲ್ ತಂಡ ಕೈಯಾರೆ ಸೋಲ್ತಿದೆ, ಏನ್ ಮಾಡೋದು? ಅನುಭವ ಇರೋರು ಹೇಳಿ

ಎಲ್ಲರಿಗೂ ನಮಸ್ಕಾರ. ಮಲೆನಾಡಿನ ಒಂದು ಡಿಗ್ರಿ ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಈ ವರ್ಷ ನಾನು ಕ್ಯಾಪ್ಟನ್. ಆಟ ಬರಲ್ಲ ಅಂತೇನಲ್ಲ, ಒಳ್ಳೆ ಹುಡುಗರಿದ್ದಾರೆ. ಅಂತರ ಕಾಲೇಜು ಟೂರ್ನಿಯ ಕ್ವಾರ್ಟರ್ ಫೈನಲ್‌ನಲ್ಲಿ 1-0 ಮುಂದಿದ್ದೋರು 2-1ಕ್ಕೆ ಸೋತ್ವಿ. ಹೇಗೆ ಅಂತ ಕೇಳಿ. ನಮ್ಮ ರೈಟ್ ಬ್ಯಾಕ್‌ಗೆ ಆಗಲೇ ಒಂದು ಯೆಲ್ಲೋ ಕಾರ್ಡ್ ಆಗಿತ್ತು. ಲೈನ್ಸ್‌ಮನ್ ಫ್ಲ್ಯಾಗ್ ಎತ್ತಿದ್ದಕ್ಕೆ ಓಡಿಹೋಗಿ ಬೈದ, ಇನ್ನೊಂದು ಯೆಲ್ಲೋ, ಹೊರಗೆ. ಹತ್ತು ಜನ ಆದ್ವಿ. ಆಮೇಲೆ ನಮ್ಮ ಹಾಫಲ್ಲೇ ಥ್ರೋ ಇನ್. ಅವಸರದಲ್ಲಿ ಕಾಲೆತ್ತಿ ಎಸೆದದ್ದು ಫೌಲ್ ಥ್ರೋ ಆಯ್ತು, ಬಾಲ್ ಅವರಿಗೆ, ಅಲ್ಲಿಂದಲೇ ಗೋಲ್. ಕೊನೆಗೆ ಫ್ರೀ ಕಿಕ್ ತಡೆಯೋಕೆ ಸಾಲಾಗಿ ನಿಲ್ಲೋ ವಾಲ್‌ನಲ್ಲಿ ಯಾರು ಇರೋದು ಅಂತ ನಾವು ನಾವೇ ಕಿತ್ತಾಡ್ತಿದ್ವಿ, ಅವರು ಹೊಡೆದೇ ಬಿಟ್ರು.

ಪಿ.ಇ. ಸರ್ ಒಳ್ಳೆ ಮನುಷ್ಯ. ಆದ್ರೆ ಅವರು ವಾಲಿಬಾಲ್‌ನವರು. ಪ್ರಾಕ್ಟೀಸ್ ಅಂದ್ರೆ ಗ್ರೌಂಡ್ ಸುತ್ತ ಓಟ, ಆಮೇಲೆ ಎರಡು ಟೀಮ್ ಮಾಡ್ಕೊಂಡು ಮ್ಯಾಚ್, ಮುಗೀತು. ಮ್ಯಾಚ್ ದಿನ ಲೈನಲ್ಲಿ ನಿಂತು "ಓಡ್ರೋ, ಓಡ್ರೋ" ಅಂತಾರೆ, ಹಾಫ್ ಟೈಮಲ್ಲಿ ಬೈತಾರೆ. ಮುಂದಿನ ಟೂರ್ನಿಗೆ ಇನ್ನೂ ಟೈಮ್ ಇದೆ. ಸರ್‌ಗೆ ಬೇಜಾರಾಗದ ಹಾಗೆ ಇದನ್ನ ಸರಿ ಮಾಡೋದು ಹೇಗೆ?

ಆಸ್ಟಿನ್ ಟೌನ್ ಹಳೇ ಸ್ಟಾಪರ್ ಬ್ಯಾಕ್

ಮಗಾ, ಮೊದಲು ಒಂದು ಸಮಾಧಾನ. 1948ರ ಲಂಡನ್ ಒಲಿಂಪಿಕ್ಸಲ್ಲಿ ನಮ್ಮೋರು ಫ್ರಾನ್ಸ್ ಎದುರು ಸೋತಿದ್ದೂ 2-1ಕ್ಕೇ. ನಮ್ಮ ಬೆಂಗಳೂರಿನ ಸಾರಂಗಪಾಣಿ ರಾಮನ್ ಗೋಲ್ ಹೊಡೆದ್ರು, ಆದ್ರೆ ತಂಡಕ್ಕೆ ಸಿಕ್ಕ ಎರಡು ಪೆನಾಲ್ಟಿ ಕೈತಪ್ಪಿತು. ಬಹಳ ಜನ ಬರಿಗಾಲಲ್ಲಿ ಆಡಿದ್ದು ಎಲ್ಲರಿಗೂ ನೆನಪಿದೆ, ಪೆನಾಲ್ಟಿ ಹೋಗಿದ್ದು ಯಾರಿಗೂ ನೆನಪಿಲ್ಲ. ಇರ್ಲಿ.

ನೀನು ಹೇಳಿದ ಮೂರು ತಪ್ಪಲ್ಲಿ ವಾಲ್ ವಿಷಯ ಎಲ್ಲಕ್ಕಿಂತ ಸುಲಭ. ಯಾರು ನಿಲ್ಲಬೇಕು ಅನ್ನೋದು ಮ್ಯಾಚಲ್ಲಿ ತೀರ್ಮಾನ ಮಾಡೋ ವಿಷಯವೇ ಅಲ್ಲ. ಟೂರ್ನಿಗೆ ಮುಂಚೆನೇ ಒಂದು ಹಾಳೇಲಿ ಬರೀರಿ. ವಾಲ್‌ನಲ್ಲಿ ನಿಲ್ಲೋ ನಾಲ್ಕು ಜನ ಇವರು. ಗೋಲಿ ಎಷ್ಟು ಬೆರಳು ತೋರಿಸ್ತಾನೋ ಅಷ್ಟು ಜನ. ಕೊನೆಯವನನ್ನ ಎಡಕ್ಕೆ ಬಲಕ್ಕೆ ಸರಿಸೋನೂ ಗೋಲಿನೇ, ಬೇರೆ ಯಾರೂ ಬಾಯಿ ಹಾಕಂಗಿಲ್ಲ. ಒಬ್ಬ ಮಾತ್ರ ಬಾಲ್ ಮೇಲೆ ಕಣ್ಣಿಟ್ಟು ನಿಲ್ಲಬೇಕು, ಬೆನ್ನು ತಿರುಗಿಸಬಾರದು. ಕಾರ್ನರ್‌ಗೂ ಇದೇ ಥರ ಪಟ್ಟಿ. ಸಬ್‌ಸ್ಟಿಟ್ಯೂಟ್ ಒಳಗೆ ಹೋಗುವಾಗ "ನಾನು ಯಾರ ಜಾಗಕ್ಕೆ" ಅಂತ ಕೇಳ್ಕೊಂಡೇ ಹೋಗ್ಬೇಕು. ನಾವು ಆಡೋ ಕಾಲದಲ್ಲಿ ಗೋಲ್ ತಿಂದಿದ್ದರಲ್ಲಿ ಎಷ್ಟೋ, ಹೊಸದಾಗಿ ಬಂದೋನು ಯಾರನ್ನ ಹಿಡೀಬೇಕು ಅಂತ ಗೊತ್ತಿಲ್ಲದೆ ನಿಂತಿದ್ದಕ್ಕೆ.

ಬಾಯಿ ವಿಷಯ ಕಷ್ಟ. ನಮಗೆ ಕೋಚ್ ಮಾಡ್ತಿದ್ದೋರು ಒಂದು ಕೆಲಸ ಮಾಡೋರು. ಪ್ರಾಕ್ಟೀಸ್ ಮ್ಯಾಚಲ್ಲಿ ಅವರೇ ರೆಫರಿ. ಬೇಕು ಅಂತಲೇ ತಪ್ಪು ವಿಸಲ್ ಊದೋರು. ಆಫ್‌ಸೈಡ್ ಅಲ್ಲದ್ದನ್ನ ಆಫ್‌ಸೈಡ್ ಅನ್ನೋರು, ನಮ್ಮ ಥ್ರೋನ ಆ ಕಡೆಯವರಿಗೆ ಕೊಡೋರು. ಯಾರು ಕೈ ಎತ್ತಿ "ಏನ್ ಸಾರ್!" ಅಂದ್ರೋ ಅವರು ಐದು ನಿಮಿಷ ಹೊರಗೆ, ಅವರ ಟೀಮ್ ಒಬ್ಬ ಕಮ್ಮಿ ಇಟ್ಕೊಂಡೇ ಆಡ್ಬೇಕು. ಮೊದಲ ವಾರ ನಮಗೆ ಮೈಯೆಲ್ಲ ಉರೀತಿತ್ತು. ಆಮೇಲೆ ಹೊರಗೆ ಹೋದೋನ ಮೇಲೆ ಉಳಿದೋರೇ ರೇಗಕ್ಕೆ ಶುರು ಮಾಡಿದ್ರು. ಕೋಚ್ ಒಂದು ಮಾತೂ ಬೈಯೋ ಹಾಗಿರ್ಲಿಲ್ಲ.

ವಿಸಲ್ ಊದುವವ, ಮಂಗಳೂರು

ಜಿಲ್ಲಾ ಮಟ್ಟದಲ್ಲಿ ರೆಫರಿ ಆಗಿದ್ದೇನೆ. ನೆಹರೂ ಮೈದಾನದ ಮಳೆಯಲ್ಲಿಯೂ ಊದಿದವ. ನಿಮ್ಮ ಕಥೆ ಕೇಳಿ ನಗು ಬಂತು ಮಾರಾಯ್ರೆ, ಕ್ಷಮಿಸಿ. ಕಾಲೇಜು ಪಂದ್ಯಗಳಲ್ಲಿ ನಾನು ತೋರಿಸುವ ಹಳದಿ ಕಾರ್ಡುಗಳಲ್ಲಿ ಬಹಳಷ್ಟು ಟ್ಯಾಕಲ್‌ಗೆ ಅಲ್ಲವೇ ಅಲ್ಲ. ವಾದ ಮಾಡಿದ್ದು, ಬಾಲನ್ನು ದೂರಕ್ಕೆ ಒದ್ದು ಆಟ ತಡ ಮಾಡಿದ್ದು, ಫ್ರೀ ಕಿಕ್ಕಿಗೆ 9.15 ಮೀಟರ್ ಬಿಡದೆ ಎದುರು ನಿಂತದ್ದು, ಗೋಲ್ ಹೊಡೆದು ಶರ್ಟ್ ಕಳಚಿದ್ದು, ಕೇಳದೆ ಒಳಗೆ ಬಂದದ್ದು. ಇವುಗಳಲ್ಲಿ ಒಂದರಿಂದಲೂ ನಿಮ್ಮ ತಂಡಕ್ಕೆ ನಯಾಪೈಸೆ ಲಾಭ ಇಲ್ಲ. ಎದುರಾಳಿ ಗೋಲಿನತ್ತ ಓಡುವಾಗ ಹಿಂದಿನಿಂದ ಎಳೆದು ಕಾರ್ಡ್ ತೆಗೆದುಕೊಂಡರೆ ಅದು ಲೆಕ್ಕಾಚಾರ ಅಂತಲಾದರೂ ಹೇಳಬಹುದು. ಲೈನ್ಸ್‌ಮನ್‌ಗೆ ಬೈದು ತೆಗೆದುಕೊಂಡದ್ದಕ್ಕೆ ಏನು ಹೇಳುವುದು?

ಫೌಲ್ ಥ್ರೋ ಬಗ್ಗೆ: ಎರಡೂ ಕಾಲಿನ ಒಂದಿಷ್ಟು ಭಾಗ ನೆಲದ ಮೇಲೆ ಇರಬೇಕು, ಗೆರೆಯ ಮೇಲೆ ಅಥವಾ ಹೊರಗೆ. ಎರಡೂ ಕೈ, ತಲೆಯ ಹಿಂದಿನಿಂದ, ತಲೆಯ ಮೇಲಿನಿಂದ. ಇಷ್ಟೇ. ಇದನ್ನು ಕಲಿಯಲು ಕೋಚ್ ಬೇಡ, ಗೋಡೆ ಸಾಕು. ಥ್ರೋ ಇನ್‌ನಿಂದ ನೇರ ಬಾಲ್ ಪಡೆದವನಿಗೆ ಆಫ್‌ಸೈಡ್ ಇಲ್ಲ ಎಂಬುದೂ ಅರ್ಧ ಹುಡುಗರಿಗೆ ಗೊತ್ತಿರುವುದಿಲ್ಲ. ಅವರು ವಾದ ಮಾಡಲು ಬರುತ್ತಾರೆ, ನಾನು ಕಾರ್ಡ್ ತೆಗೆಯುತ್ತೇನೆ.

ಫ್ರೀ ಕಿಕ್ಕಿಗೆ ನೀವು ಜಗಳ ಆಡುತ್ತಿರುವಾಗ ಅವರು ಹೊಡೆದದ್ದು ನ್ಯಾಯವೇ ಎಂಬ ಸಂಶಯ ನಿಮಗೆ ಇರಬಹುದು. 2023ರ ಮಾರ್ಚ್ 3ರಂದು ಕಂಠೀರವ ಸ್ಟೇಡಿಯಂನಲ್ಲಿ ಆದದ್ದನ್ನು ನೆನಪಿಸಿಕೊಳ್ಳಿ. ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಪ್ಲೇ ಆಫ್, ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್. 90 ನಿಮಿಷ ಗೋಲಿಲ್ಲ. ಎಕ್ಸ್‌ಟ್ರಾ ಟೈಮಿನಲ್ಲಿ ಬೆಂಗಳೂರಿಗೆ ಫ್ರೀ ಕಿಕ್. ಬ್ಲಾಸ್ಟರ್ಸ್‌ನವರು ಇನ್ನೂ ವಾಲ್ ಸರಿ ಮಾಡುತ್ತಿದ್ದರು, ಸುನೀಲ್ ಛೇತ್ರಿ ಹೊಡೆದೇ ಬಿಟ್ಟರು. ಗೋಲ್ ಕೊಟ್ಟಾಯಿತು. ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮನೋವಿಚ್ ಆಟಗಾರರನ್ನೇ ಮೈದಾನದಿಂದ ಹೊರಗೆ ಕರೆದರು. ಪಂದ್ಯ ಬೆಂಗಳೂರಿಗೆ ಹೋಯಿತು. ಮೇಲಿಂದ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ, ಕೋಚಿಗೆ 10 ಪಂದ್ಯ ನಿಷೇಧ. ಆ ತೀರ್ಪು ಸರಿಯೋ ತಪ್ಪೋ ಎಂದು ಈಗಲೂ ವಾದ ಮಾಡುವವರಿದ್ದಾರೆ. ನಾನು ಹೇಳುವುದು ಇಷ್ಟೇ: ರೆಫರಿ ವಿಸಲ್ ತೋರಿಸಿ ತಡೆದಿಲ್ಲ ಎಂದಾದರೆ ಬಾಲ್ ಯಾವ ಕ್ಷಣದಲ್ಲಿಯೂ ಬರಬಹುದು ಅಂದುಕೊಳ್ಳಿ. ಮರುದಿನವೇ, ಮಾರ್ಚ್ 4ರಂದು, ಕರ್ನಾಟಕ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ನಂತರ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಿತು. ನಾವೆಲ್ಲ ಛೇತ್ರಿಯ ಗೋಲಿನ ಚರ್ಚೆಯಲ್ಲೇ ಮುಳುಗಿದ್ದೆವು, ಅದು ಬೇರೆ ಬೇಸರ.

ನಿಮ್ಮ ಪಿ.ಇ. ಸರ್‌ಗೂ ಒಂದು ಮಾತು ತಲುಪಿಸಿ. 2019ರಿಂದ ಬೆಂಚಿನಲ್ಲಿರುವ ಕೋಚ್, ಸಿಬ್ಬಂದಿಗೂ ಕಾರ್ಡ್ ಇದೆ. ಬೆಂಚಿನಿಂದ ಬೈದವರು ಯಾರು ಎಂದು ಗೊತ್ತಾಗದಿದ್ದರೆ ಅಲ್ಲಿರುವ ಹಿರಿಯ ಕೋಚಿಗೇ ಕಾರ್ಡ್. ಅದೇ 2023ರ ಜೂನ್‌ನಲ್ಲಿ, ಅದೇ ಕಂಠೀರವದಲ್ಲಿ, ಭಾರತದ ಕೋಚ್ ಇಗೊರ್ ಸ್ಟಿಮಾಚ್ ಪಾಕಿಸ್ತಾನದ ಆಟಗಾರ ಥ್ರೋ ಮಾಡಲು ಹೊರಟಾಗ ಕೈಯಿಂದ ಬಾಲ್ ಬೀಳಿಸಿ ರೆಡ್ ಕಾರ್ಡ್ ತೆಗೆದುಕೊಂಡರು. ಅದೇ ಸ್ಯಾಫ್ (ದಕ್ಷಿಣ ಏಷ್ಯಾ) ಟೂರ್ನಿಯಲ್ಲಿ ಕುವೈತ್ ಎದುರು ಇನ್ನೊಂದು ರೆಡ್. ಸೆಮಿಫೈನಲ್, ಫೈನಲ್ ಎರಡಕ್ಕೂ ಅವರು ಬೆಂಚಿನಲ್ಲಿಲ್ಲ. ಭಾರತ ಕಪ್ ಗೆದ್ದಿತು, ಅದು ಅದೃಷ್ಟ.

ಹೆಸರು ಬೇಡ

ಇಷ್ಟೆಲ್ಲ ಯಾಕೆ. ರೆಫರಿಗಳು ಯಾವತ್ತಿದ್ರೂ ಆ ಊರಿನ ಟೀಮ್ ಕಡೆಗೇ ಇರ್ತಾರೆ. ಶಿಸ್ತು ಗಿಸ್ತು ಎಲ್ಲ ಆಮೇಲೆ.

ವಿಸಲ್ ಊದುವವ, ಮಂಗಳೂರು

ಇರಬಹುದು ಮಾರಾಯ್ರೆ, ಎಲ್ಲ ಕಡೆ ಎಲ್ಲ ತರದವರೂ ಇದ್ದಾರೆ. ಆದರೆ ಆ ಫೌಲ್ ಥ್ರೋ ಎಸೆದದ್ದು ನಾನಲ್ಲವಲ್ಲ.

ಧಾರವಾಡದಾಂವ

ತಮ್ಮಾ, ಎಲ್ಲಾರೂ ಹೇಳೋದು ಖರೇ ಐತಿ. ಆದ್ರ ನಿಮ್ಮ ಸರ್ ವಾಲಿಬಾಲ್‌ನವ್ರು ಅಂತ ನೀ ಅಳಕೋತ ಕುಂತೀಯಲ್ಲ, ಅದನ್ನ ನಾ ಒಪ್ಪೂದಿಲ್ಲ. ನಾನೂ ಯೂನಿವರ್ಸಿಟಿಗೆ ವಾಲಿಬಾಲ್ ಆಡಿದಾಂವ. ವಾಲಿಬಾಲ್‌ನ್ಯಾಗ ಒಬ್ಬ ತನ್ನ ಜಾಗಾ ಬಿಟ್ಟು ನಿಂತಿದ್ದ ಅಂದ್ರ ರೊಟೇಶನ್ ಫಾಲ್ಟ್, ಪಾಯಿಂಟ್ ಸೀದಾ ಆ ಕಡೆ ಹೋಗ್ತದ. ಸರ್ವ್ ನೆಟ್ಟಿಗೆ ಹೊಡದ್ರ ಪಾಯಿಂಟ್. ನೆಟ್ ಮುಟ್ಟಿದ್ರ ಪಾಯಿಂಟ್. ತಪ್ಪಿನ ರೊಕ್ಕಾ ಅಲ್ಲೇ ನಗದು ಎಣಿಸಬೇಕು, ಉದ್ರಿ ಇಲ್ಲ. ಫುಟ್‌ಬಾಲ್‌ನ್ಯಾಗ ಹತ್ತು ತಪ್ಪು ಮಾಡಿದ್ರೂ ಒಮ್ಮೊಮ್ಮೆ ಏನೂ ಆಗೂದಿಲ್ಲ, ಅದಕ್ಕ ಹುಡುಗೂರು ಕಲಿಯೂದಿಲ್ಲ. ಇನ್ನ ಎರಡು ಮಂದಿ ನಡುವ ಬಾಲ್ ಬಂತಂದ್ರ "ನಂದು!" ಅಂತ ಒದರೋದು ವಾಲಿಬಾಲ್‌ನ್ಯಾಗ ಮೊದಲ ದಿನದ ಪಾಠ. ನಿಮ್ಮ ಡಿಫೆನ್ಸ್‌ನಾಗ ಯಾರರೆ ಒದರ್ತಾರೇನು?

ಹೋಗಿ ಸರ್‌ಗ ಹಿಂಗ ಕೇಳು: "ಸರ್, ವಾಲಿಬಾಲ್‌ನ್ಯಾಗ ನೀವು ಜಾಗಾ ಹೆಂಗ ಕಲಸ್ತೀರಿ? ನಮಗೂ ಕಾರ್ನರ್‌ಗೆ, ಫ್ರೀ ಕಿಕ್‌ಗೆ ಹಂಗ ಜಾಗಾ ಹಾಕಿ ಕೊಡ್ರಿ." ನೋಡು, ಆ ಮನಶ್ಯಾ ಎದ್ದು ನಿಂದರ್ತಾನ. "ನಿಮಗ ಫುಟ್‌ಬಾಲ್ ಬರೂದಿಲ್ಲ, ನಾ ನೋಡ್ಕೋತೇನಿ" ಅಂದಿ ಅಂದ್ರ ಮುಂದಿನ ಸಲ ಟಿ.ಎ. ಬಿಲ್ಲಿಗೆ ಸಹಿ ಸುದ್ಧಾ ಸಿಗೂದಿಲ್ಲ.

ಒಮಾಹಾದಿಂದ ಹಾಸನದವನು

ನಾನಿರೋದು ಅಮೆರಿಕದ ನೆಬ್ರಾಸ್ಕಾದಲ್ಲಿ. ಇಲ್ಲಿ ಕಾಲೇಜ್ ಫುಟ್‌ಬಾಲ್ ಅಂದ್ರೆ ಹೆಲ್ಮೆಟ್ ಹಾಕ್ಕೊಂಡು ಆಡೋ ಅವರದೇ ಆಟ. ಮೊದಮೊದಲು ಏನೂ ಅರ್ಥ ಆಗ್ತಿರಲಿಲ್ಲ, ಈಗ ಶನಿವಾರ ಬಂತು ಅಂದ್ರೆ ಮನೆಯಲ್ಲಿ ಬೇರೆ ಕೆಲಸ ಇಲ್ಲ. ನಿಮ್ಮ ತಂಡದ ಕಥೆ ಇಲ್ಲಿ ದೊಡ್ಡ ದುಡ್ಡಿನಲ್ಲಿ ನಡೆದುಹೋಗಿದೆ.

ಇಲ್ಲಿಯ ವಿಶ್ವವಿದ್ಯಾಲಯದ ತಂಡಕ್ಕೆ ಸ್ಕಾಟ್ ಫ್ರಾಸ್ಟ್ ಅಂತ ಕೋಚ್ ಬಂದ್ರು. ಇದೇ ಕಾಲೇಜಿಗೆ ಕ್ವಾರ್ಟರ್‌ಬ್ಯಾಕ್ (ದಾಳಿ ನಡೆಸೋ ಮುಖ್ಯ ಆಟಗಾರ) ಆಗಿ 1997ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆದವರು, ಊರಿನ ಮಗ. 2017ರಲ್ಲಿ ಬೇರೆ ತಂಡವನ್ನ ಒಂದೂ ಸೋಲದೆ ದಡ ಸೇರಿಸಿ ಬಂದಿದ್ದರು. ಜನ ಹೊತ್ತು ಮೆರೆಸಿದ್ರು. 2021ರಲ್ಲಿ ತಂಡ 3 ಗೆದ್ದು 9 ಸೋತಿತು. ಆ ಒಂಬತ್ತೂ ಸೋಲು ಹತ್ತು ಅಂಕದ ಒಳಗೇ. ಇನ್ನೂ ವಿಚಿತ್ರ ಅಂದ್ರೆ ಆ ಇಡೀ ಸೀಸನ್‌ನಲ್ಲಿ ಅವರು ಗಳಿಸಿದ ಅಂಕ ಬಿಟ್ಟುಕೊಟ್ಟದ್ದಕ್ಕಿಂತ ಜಾಸ್ತಿ! ಅಂದ್ರೆ ಆಟ ಬರ್ತಿತ್ತು, ನಿಮ್ಮ ಹುಡುಗರ ಥರಾನೇ. ಮಿಷಿಗನ್ ಸ್ಟೇಟ್ ಎದುರು 20-13 ಮುಂದಿದ್ದಾಗ, ನಾಲ್ಕು ನಿಮಿಷವೂ ಉಳಿದಿಲ್ಲ, ಬಾಲನ್ನ ದೂರಕ್ಕೆ ಒದೆಯಬೇಕಾದವನು ಎಡಕ್ಕೆ ಒದ್ದ. ತಡೆಯಬೇಕಾದವರೆಲ್ಲ ಹೇಳಿಕೊಟ್ಟ ಹಾಗೆ ಬಲಕ್ಕೆ ಓಡಿದ್ರು. ಬಾಲ್ ಹಿಡಿದವನ ಮುಂದೆ ಯಾರೂ ಇಲ್ಲ, ಸೀದಾ ಕೊನೆ ಗೆರೆ ದಾಟಿ ಟಚ್‌ಡೌನ್. ಕೊನೆಗೆ ಸೋತ್ರು, 23-20.

2022ರಲ್ಲಿ ಡಬ್ಲಿನ್‌ನಲ್ಲಿ ನಾರ್ತ್‌ವೆಸ್ಟರ್ನ್ ಎದುರು 28-17 ಮುಂದಿದ್ರು. ಸುಮ್ಮನೆ ದೂರಕ್ಕೆ ಒದ್ದು ಆಟ ಮುಂದುವರಿಸಿದ್ರೆ ಆಗ್ತಿತ್ತು. ಫ್ರಾಸ್ಟ್ ಆನ್‌ಸೈಡ್ ಕಿಕ್ ಹೊಡೆಸಿದ್ರು, ಅಂದ್ರೆ ಬಾಲನ್ನ ಹತ್ತಿರವೇ ಒದ್ದು ತಾವೇ ಮತ್ತೆ ಹಿಡಿಯೋ ಜೂಜು. ಸೋಲ್ತಿರೋರು ಕೊನೆಗಳಿಗೆಯಲ್ಲಿ ಮಾಡೋದು ಅದು. ಬಾಲ್ ಆ ಕಡೆಗೆ ಸಿಕ್ತು, ಮ್ಯಾಚ್ ತಿರುಗಿತು, 31-28 ಸೋಲು. ಎರಡು ವಾರದಲ್ಲಿ, ಸೆಪ್ಟೆಂಬರ್ 11ಕ್ಕೆ, ಅವರನ್ನ ತೆಗೆದುಹಾಕಿದ್ರು. ಅಕ್ಟೋಬರ್ 1ರವರೆಗೆ ಕಾದಿದ್ರೆ, ಒಪ್ಪಂದ ಮುರಿದದ್ದಕ್ಕೆ ಅವರಿಗೆ ಕೊಡಬೇಕಾದ 15 ಮಿಲಿಯನ್ ಡಾಲರ್ ಅರ್ಧ ಆಗ್ತಿತ್ತು, ಅಷ್ಟೂ ತಾಳ್ಮೆ ಉಳಿದಿರಲಿಲ್ಲ. ಒಂದೇ ಸ್ಕೋರಿನ ಅಂತರದಲ್ಲಿ ತೀರ್ಮಾನ ಆಗೋ ಪಂದ್ಯಗಳಲ್ಲಿ ಅವರ ದಾಖಲೆ 5 ಗೆಲುವು, 22 ಸೋಲು. ಅಷ್ಟು ಸಲ ಆದಮೇಲೆ ಅದನ್ನ ದುರಾದೃಷ್ಟ ಅನ್ನೋಕೆ ನನಗೆ ಮನಸ್ಸು ಬರಲ್ಲ.

ಆಟಗಾರನ ಕಡೆಯಿಂದ ಆದದ್ದೂ ಒಂದು ಹೇಳಿಬಿಡ್ತೀನಿ. 2020ರ ಡಿಸೆಂಬರ್, ಫ್ಲೋರಿಡಾ ತಂಡ ದೇಶದಲ್ಲಿ 6ನೇ ಸ್ಥಾನದಲ್ಲಿತ್ತು. ಎಲ್‌ಎಸ್‌ಯು (ಲೂಸಿಯಾನಾದ ವಿಶ್ವವಿದ್ಯಾಲಯ) ಎದುರು 34-34 ಸಮ. ಕೊನೆ ಎರಡು ನಿಮಿಷದೊಳಗೆ ಎದುರಾಳಿಯನ್ನ ತಡೆದು ನಿಲ್ಲಿಸಿದ್ರು, ಬಾಲ್ ಇವರಿಗೇ ಬರೋದಿತ್ತು. ಖುಷಿಯಲ್ಲಿ ಫ್ಲೋರಿಡಾದ ಒಬ್ಬ, ಎದುರಾಳಿಯ ಕಾಲಿಂದ ಕಳಚಿದ್ದ ಶೂ ಎತ್ತಿ ದೂರಕ್ಕೆ ಎಸೆದ. 15 ಗಜ ದಂಡ, ಬಾಲ್ ಎಲ್‌ಎಸ್‌ಯು ಕೈಯಲ್ಲೇ ಉಳೀತು. ಅವರು 57 ಗಜದಿಂದ ಬಾಲನ್ನ ಕಂಬಗಳ ನಡುವೆ ಒದ್ದು, ಅಂದ್ರೆ ಫೀಲ್ಡ್ ಗೋಲ್ ಹೊಡೆದು, 37-34 ಗೆದ್ರು. ನಿಮ್ಮ ರೈಟ್ ಬ್ಯಾಕ್‌ಗೆ ಈ ವಿಡಿಯೋ ತೋರಿಸಿ, ಬೇರೇನೂ ಹೇಳಬೇಡಿ.

ಮಂಗಳೂರಿನವರು ಹೇಳಿದ ಕಾರ್ಡ್ ಲೆಕ್ಕವನ್ನ ಬರೆದಿಡೋಕೆ ಒಬ್ಬ ಬೇಕು. ಇಲ್ಲಿ ಪ್ರತಿ ಪಂದ್ಯದ ದಂಡವನ್ನೂ ಲೆಕ್ಕ ಇಡ್ತಾರೆ. ಗಾಯ ಆಗಿ ಕೂತಿರೋ ಹುಡುಗ ಯಾರಾದ್ರೂ ಇದ್ರೆ ಅವನ ಕೈಗೆ ನೋಟ್‌ಬುಕ್ ಕೊಡಿ. ಬಾಲ್ ಎಲ್ಲಿ ಹೋಯ್ತು, ಯಾಕೆ ಹೋಯ್ತು. ಎದುರಾಳಿ ಕಿತ್ಕೊಂಡಿದ್ದು ಬೇರೆ ಕಾಲಮ್, ನಾವೇ ಕೊಟ್ಟಿದ್ದು ಬೇರೆ ಕಾಲಮ್.

ಪ್ರಶ್ನೆ ಕೇಳಿದವನು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಧಾರವಾಡದ ಅಣ್ಣ ಹೇಳಿದ ಹಾಗೇ ಸರ್ ಹತ್ರ ಹೋಗಿ ಕೇಳಿದೆ. ಮೊದಲು ನನ್ನ ಮುಖ ನೋಡಿದ್ರು, ಆಮೇಲೆ ಸ್ಟಾಫ್ ರೂಮಿಂದ ಚಾಕ್‌ಪೀಸ್ ತಂದು ಕಾರಿಡಾರ್ ನೆಲದ ಮೇಲೇ ಪೆನಾಲ್ಟಿ ಬಾಕ್ಸ್ ಬರೆದ್ರು. ಯಾರು ಎಲ್ಲಿ ಅಂತ ಒಬ್ಬೊಬ್ಬರ ಹೆಸರು ಕೇಳಿ ಹಾಕಿದ್ರು. ಪ್ರಿನ್ಸಿಪಾಲರು ಅದರ ಮೇಲೇ ನಡ್ಕೊಂಡು ಹೋದ್ರು, ಅದು ಬೇರೆ ಕಥೆ. ತಪ್ಪು ವಿಸಲ್ ಐಡಿಯಾ ಸರ್‌ಗೆ ಭಾರೀ ಇಷ್ಟ ಆಗಿದೆ, ನಮಗೆ ಈಗಲೇ ಭಯ.

ಒಂದು ಡೌಟು. ಗೋಲ್‌ಕೀಪರ್ ಬಾಲ್ ಕೈಯಲ್ಲಿ ಇಟ್ಕೊಂಡ್ರೆ ಕಾರ್ನರ್ ಕೊಡ್ತಾರೆ ಅಂತ ಯಾರೋ ಹೇಳಿದ್ರು, ನಿಜವಾ? ನಮ್ಮ ಗೋಲಿ ಲೀಡ್ ಇದ್ದಾಗ ಬಾಲ್ ತಬ್ಬಿಕೊಂಡು ಮಲಗೋನು.

ವಿಸಲ್ ಊದುವವ, ಮಂಗಳೂರು

ನಿಜ. 2025ರ ಜುಲೈಯಿಂದ ಬಂದ ನಿಯಮ. ಬಾಲ್ ಪೂರ್ತಿ ಹಿಡಿತಕ್ಕೆ ಸಿಕ್ಕಿದ ಮೇಲೆ 8 ಸೆಕೆಂಡ್. ಕೊನೆಯ ಐದನ್ನು ರೆಫರಿ ಕೈ ಎತ್ತಿ ಬೆರಳಲ್ಲಿ ಎಣಿಸಿ ತೋರಿಸುತ್ತಾನೆ. ಮೀರಿದರೆ ಎದುರಿನವರಿಗೆ ಕಾರ್ನರ್. ಮೊದಲು 6 ಸೆಕೆಂಡ್ ಇತ್ತು, ಶಿಕ್ಷೆ ಇನ್‌ಡೈರೆಕ್ಟ್ ಫ್ರೀ ಕಿಕ್, ಅದನ್ನು ಊದುವವರೇ ಅಪರೂಪ. ನಿಮ್ಮ ಟೂರ್ನಿಯಲ್ಲಿ ಯಾವ ನಿಯಮ ಹಿಡಿಯುತ್ತಾರೆ ಎಂದು ಮೊದಲ ದಿನದ ಮ್ಯಾನೇಜರ್ಸ್ ಮೀಟಿಂಗಿನಲ್ಲಿ ಸರ್ ಎದ್ದು ಕೇಳಲಿ. ನಾಯಕ ಮಾತ್ರ ರೆಫರಿ ಹತ್ತಿರ ಬರಬೇಕು ಎಂಬ ಕ್ರಮ ಇಟ್ಟಿದ್ದಾರೆಯೇ ಎಂದೂ ಅಲ್ಲೇ ಕೇಳಿಸಿ. ಇಟ್ಟಿದ್ದರೆ ನಿಮ್ಮ ರೈಟ್ ಬ್ಯಾಕನ್ನು ನನ್ನಿಂದ ದೂರ ಇಡುವುದು ನಿಮ್ಮ ಕೆಲಸ.